ಅಮ್ಮ ಕ್ಲಬ್ಬಿಗೆ ಹೋಗ್ತಿದ್ಲಂತೆ!

ಕಳೆದ ತಿಂಗಳು ಮನೆ ಬದಲಾಯಿಸುವಾಗ ನಮ್ಮ ಎಂಟು ವರ್ಷದ ಮಗಳ ಕೈಗೆ ಒಂದು ಹಳೆಯ ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ನನ್ನ ಪಿಎಚ್‌ಡಿ ಪ್ರಬಂಧದ ಕರಡುಗಳು, ಒಂದು ಮುರಿದ ಹೆಡ್‌ಫೋನ್ ಮತ್ತು ಹನ್ನೊಂದು ತೆಳು ತಗಡಿನ ಡಬ್ಬಿಗಳಿದ್ದವು.

"ಅಮ್ಮಾ, ಇದ್ರಲ್ಲಿ ಬಿಸ್ಕೆಟ್ ಇತ್ತಾ?"

"ಇಲ್ಲ ಪುಟ್ಟಿ, ಸಿಡಿ. ಒಂದು ಕ್ಲಬ್ಬಿನವರು ತಿಂಗಳಿಗೊಂದು ತರ್ತಿದ್ರು."

"ನೀನು ಕ್ಲಬ್ಬಿಗೆ ಹೋಗ್ತಿದ್ಯಾ?"

ಹೌದು ಅಂದೆ. ಆ ಭಾನುವಾರ ಅಜ್ಜಿಯ ಜೊತೆ ವಿಡಿಯೊ ಕಾಲ್ ಇತ್ತು. ಮಕ್ಕಳು ಅಜ್ಜಿಯ ಹತ್ತಿರ ಕನ್ನಡದಲ್ಲೇ ಮಾತಾಡಬೇಕು ಅನ್ನುವುದು ನಮ್ಮ ಮನೆಯ ನಿಯಮ. ಹೇಳಲು ಏನೂ ಹೊಳೆಯದೆ ಒದ್ದಾಡುವ ನನ್ನ ಮಗಳಿಗೆ ಅವತ್ತು ಒಳ್ಳೆಯ ವಿಷಯ ಸಿಕ್ಕಿತ್ತು. "ಅಜ್ಜೀ, ಅಮ್ಮ ಕ್ಲಬ್ಬಿಗೆ ಹೋಗ್ತಿದ್ಲಂತೆ! ರಾತ್ರಿ ಇಡೀ!" ವ್ಯಾಕರಣ ಸರಿ, ಉಚ್ಚಾರ ಸರಿ. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಮ್ಮನ ಮುಖ ಕಪ್ಪಿಟ್ಟಿತು. ಕುಂದಾಪುರದ ಕಡೆಯ ನನ್ನ ಅಮ್ಮನಿಗೆ ಕ್ಲಬ್ ಅಂದರೆ ಇಸ್ಪೀಟು. ನಮ್ಮೂರಲ್ಲಿ "ಅವ ಕ್ಲಬ್ಬಿಗೆ ಹೋಗ್ತಾ" ಅಂದರೆ ಗದ್ದೆ ಅಡವಿಗೆ ಬಿದ್ದಿದೆ ಅಂತಲೇ ಅರ್ಥ. "ಎಂತ, ದುಡ್ಡು ಹಾಕಿ ಆಡ್ತಿದ್ಯಾ?" ಅಂತ ಕೇಳಿದರು. ಅಲ್ಲಮ್ಮ, ಹಾಡು ಹಾಕ್ತಾರೆ, ಕುಣಿಯೋದು, ಅಷ್ಟೇ ಅಂದೆ. "ಅಷ್ಟೇ" ಅಂದಿದ್ದಕ್ಕೆ ಅವರ ಮುಖ ಇನ್ನೂ ಸಪ್ಪೆಯಾಯಿತು.

ಈ ತಿಂಗಳ ಅಂಕಣ ಆ ಡಬ್ಬಿಗಳ ಬಗ್ಗೆ, ನಾನು ಹದಿಮೂರು ವರ್ಷ ಅಮ್ಮನಿಗೆ ಹೇಳದೇ ಇದ್ದದ್ದರ ಬಗ್ಗೆ. ನಮ್ಮ ಮಕ್ಕಳು ಇನ್ನು ಹತ್ತು ವರ್ಷದಲ್ಲಿ ಇದೇ ಊರುಗಳಲ್ಲಿ ಹದಿನೆಂಟು ತುಂಬಿಸುತ್ತಾರೆ. ಆಗ ಈ ಮಾತು ನಮ್ಮ ಮನೆಗೂ ಬರುತ್ತದೆ, ನಿಮ್ಮ ಮನೆಗೂ ಬರುತ್ತದೆ.

ಡಬ್ಬಿಯೊಳಗೆ ಏನಿತ್ತು

ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಎದುರು, ಒಂದು ಹಳೆಯ ಶೀತಲಗೃಹದಲ್ಲಿ 1999ರಲ್ಲಿ ಫ್ಯಾಬ್ರಿಕ್ ಎಂಬ ಕ್ಲಬ್ ಶುರುವಾಯಿತು. 2001ರಿಂದ ಅವರು ಮಿಕ್ಸ್ ಸಿಡಿಗಳನ್ನು ಹೊರತರಲು ತೊಡಗಿದರು. ಒಂದು ತಿಂಗಳು 'ಫ್ಯಾಬ್ರಿಕ್', ಮುಂದಿನ ತಿಂಗಳು 'ಫ್ಯಾಬ್ರಿಕ್‌ಲೈವ್'. ಎರಡೂ ಸರಣಿ 2018ರಲ್ಲಿ ತಲಾ ನೂರು ಮುಟ್ಟಿ ನಿಂತವು. ಹೆಚ್ಚಿನ ಸಿಡಿಗಳನ್ನು ಒಬ್ಬೊಬ್ಬ ಡಿಜೆಗೆ ಒಪ್ಪಿಸುತ್ತಿದ್ದರು. ಅವರು ಬೇರೆಯವರ ಹಾಡುಗಳನ್ನು ಆರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ, ಎಪ್ಪತ್ತು ಚಿಲ್ಲರೆ ನಿಮಿಷ ಎಲ್ಲೂ ತುಂಡಾಗದ ಹಾಗೆ ಹೆಣೆಯುತ್ತಿದ್ದರು.

ನಾನು 2011ರಲ್ಲಿ ಲಂಡನ್ನಿಗೆ ಬಂದಾಗ ಲ್ಯಾಬಿನಲ್ಲಿ ಪಕ್ಕದ ಬೆಂಚಿನವಳು ಇದರ ಭಕ್ತೆ. ರಾತ್ರಿ ಪ್ರಯೋಗ ಓಡಿಸುವಾಗ ಇಬ್ಬರೂ ಅದನ್ನೇ ಕೇಳುತ್ತಿದ್ದೆವು. ಅವಳ ಸ್ನೇಹಿತರ ಗುಂಪಿನಲ್ಲಿ ಕೂತರೆ ಬರೀ ಜಗಳ. ನಾನು ಸೇರುವ ಹೊತ್ತಿಗೆ ಹಳೆಯದಾಗಿದ್ದ ಜಗಳಗಳೂ ಆರಿರಲಿಲ್ಲ. ರಿಕಾರ್ಡೊ ವಿಲ್ಲಾಲೋಬೋಸ್ 2007ರಲ್ಲಿ ಮಾಡಿದ 36ನೇ ಸಿಡಿಯಲ್ಲಿ ಪೂರ್ತಿ ತನ್ನದೇ ಹೊಸ ಕೃತಿಗಳನ್ನು ಹಾಕಿಕೊಂಡಿದ್ದ. ಹಾಗಾದರೆ ಅದು ಸಂಕಲನವೋ, ಅವನದೇ ಆಲ್ಬಮ್ಮೋ? ಒಬ್ಬರಿಗೆ ಅದು ಮೇರುಕೃತಿ, ಇನ್ನೊಬ್ಬರಿಗೆ ಮೋಸ. ಬಿಬಿಸಿ ರೇಡಿಯೊದ ಜಾನ್ ಪೀಲ್ ನೃತ್ಯ ಸಂಗೀತದವರೇ ಅಲ್ಲ. 2002ರಲ್ಲಿ ಫ್ಯಾಬ್ರಿಕ್‌ಲೈವ್‌ನ ಏಳನೆಯದನ್ನು ಅವರಿಗೆ ಕೊಟ್ಟರು. ಪಂಕ್ ಹಾಡನ್ನೂ ತಂದು ಸೇರಿಸಿ, ಹೊಂದದ್ದನ್ನೆಲ್ಲ ಪಕ್ಕಪಕ್ಕ ಕೂರಿಸಿದರು. ಮಿಕ್ಸಿಂಗ್ ಬರುವುದಿಲ್ಲ ಎಂದು ಕೆಲವರು ಗೊಣಗಿದರೆ, ಅದನ್ನೇ ಇಡೀ ಸರಣಿಯ ಅತ್ಯಂತ ಪ್ರೀತಿಯ ಸಿಡಿ ಎಂದವರೂ ಇದ್ದರು.

ಇನ್ನೊಂದು ಜಗಳ ಮಿನಿಸ್ಟ್ರಿ ಆಫ್ ಸೌಂಡ್ ಬಗ್ಗೆ. 1991ರಲ್ಲಿ ಎಲಿಫೆಂಟ್ ಅಂಡ್ ಕ್ಯಾಸಲ್‌ನಲ್ಲಿ ಶುರುವಾದ ಆ ಕ್ಲಬ್ 1993ರಿಂದ ಸಂಕಲನ ತಂದು, ಆಮೇಲೆ 'ದಿ ಆನ್ಯುಯಲ್' ಎಂಬ ವಾರ್ಷಿಕವನ್ನು ಸೂಪರ್ ಮಾರ್ಕೆಟ್ಟಿನ ಕಪಾಟಿನವರೆಗೆ ಮುಟ್ಟಿಸಿತು. ನಿಜವಾದ ರಸಿಕರು ಮೂಗು ಮುರಿಯುತ್ತಿದ್ದರು: ಎಲ್ಲರಿಗೂ ಗೊತ್ತಿರುವ ಹಾಡನ್ನೇ ಜೋಡಿಸಿದ್ದಾರೆ, ಇದರಲ್ಲೇನಿದೆ? ಅದಕ್ಕೆ ನನ್ನ ಗೆಳತಿಯ ಉತ್ತರ ನನಗೆ ಇವತ್ತಿಗೂ ಇಷ್ಟ. ತನ್ನ ಸಣ್ಣ ಊರಲ್ಲಿ ಕ್ಲಬ್ಬೂ ಇರಲಿಲ್ಲ, ಒಳ್ಳೆಯ ರೆಕಾರ್ಡ್ ಅಂಗಡಿಯೂ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ದಿನಸಿಯ ಜೊತೆ ತಂದುಕೊಟ್ಟ ಆ ಸಿಡಿಯೇ ತನಗೆ ಬಾಗಿಲು ತೆರೆಯಿತು ಎಂದಿದ್ದಳು.

ಈ ಮಾತುಗಳೆಲ್ಲ ನನಗೆ ಗುರುತಿನವೇ ಆಗಿದ್ದವು. ನಮ್ಮ ಮನೆಯಲ್ಲಿ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟುಗಳಿದ್ದವು. ಅವರು 1990ರಲ್ಲಿ ತೀರಿಕೊಂಡ ಮೇಲೂ ಮಾವಂದಿರು ಆ ಕ್ಯಾಸೆಟ್ ಮುಂದಿಟ್ಟುಕೊಂಡು ವಾದಿಸುತ್ತಿದ್ದರು: ಆಟ ನೋಡಿದವನಿಗೆ ಕ್ಯಾಸೆಟ್ ಸಪ್ಪೆ, ಬೆಳಗಿನ ಜಾವದ ಚೆಂಡೆ ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ. ಫ್ಯಾಬ್ರಿಕ್‌ನ ಮುಖ್ಯ ಕೋಣೆಯ ನೆಲದ ಅಡಿಯಲ್ಲಿ ನೂರಾರು ಕಂಪನ ಸಾಧನಗಳನ್ನು ಕೂರಿಸಿದ್ದರು. ತಗ್ಗಿನ ಸ್ವರ ಕಿವಿಗಿಂತ ಮೊದಲು ಪಾದಕ್ಕೆ ಬರುತ್ತಿತ್ತು. ಅಲ್ಲಿಂದ ಬಂದವರೂ ಸಿಡಿಯ ಬಗ್ಗೆ ಮಾವಂದಿರ ಮಾತನ್ನೇ ಆಡುತ್ತಿದ್ದರು.

ಕ್ರಮ ಯಾರದ್ದು?

2013ರಲ್ಲಿ ಮಿನಿಸ್ಟ್ರಿ ಆಫ್ ಸೌಂಡ್ ಸ್ಪಾಟಿಫೈ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿತು. ಬಳಕೆದಾರರು ಅವರ ಸಂಕಲನಗಳ ಹಾಡುಗಳನ್ನು ಅದೇ ಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿ, ಅದೇ ಹೆಸರು ಇಟ್ಟುಕೊಂಡಿದ್ದರು. ಹಾಡುಗಳ ಪರವಾನಗಿ ಸ್ಪಾಟಿಫೈಗೆ ಇತ್ತು. ಆದರೆ ಆ ಆಯ್ಕೆ ಮತ್ತು ಕ್ರಮ ನಮ್ಮ ಕೆಲಸ, ಅದಕ್ಕೂ ಹಕ್ಕಿದೆ ಎಂದು ಇವರು ವಾದಿಸಿದರು. 2014ರಲ್ಲಿ ರಾಜಿಯಾಯಿತು. ಆ ಪ್ಲೇಲಿಸ್ಟ್‌ಗಳನ್ನು ಅಳಿಸಲಿಲ್ಲ, ಹುಡುಕಿದರೆ ಸಿಗದಂತೆ ಮಾಡಿದರು. ಹಾಗಾಗಿ ಪ್ರಶ್ನೆಗೆ ತೀರ್ಪು ಬರಲೇ ಇಲ್ಲ.

ನನ್ನ ಮಟ್ಟಿಗೆ ಉತ್ತರ ಬಾಳೆಎಲೆಯಲ್ಲಿದೆ. ಉಪ್ಪು, ಕೋಸಂಬರಿ, ಪಲ್ಯ, ಸಾರು ಯಾವುದೂ ಬಡಿಸುವವರ ಸ್ವಂತದ್ದಲ್ಲ. ಆದರೂ ಪಾಯಸ ಮೊದಲು ಬಂದು ಸಾರು ಕೊನೆಗೆ ಬಂದರೆ ಊಟ ಕೆಡುತ್ತದೆ. ಯಾವುದರ ನಂತರ ಯಾವುದು ಎಂದು ತಿಳಿಯುವುದೂ ಒಂದು ತಿಳಿವಳಿಕೆ.

ಹಗಲಿನ ಕ್ಲಬ್ಬು

ಈಗ ನಮಗೆ, ಅಂದರೆ ಹೊರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಸಂಬಂಧಿಸಿದ ಭಾಗ. 1980ರ ದಶಕದಲ್ಲಿ ಲಂಡನ್, ಬರ್ಮಿಂಗ್‌ಹ್ಯಾಮ್, ಬ್ರ್ಯಾಡ್‌ಫರ್ಡ್‌ಗಳಲ್ಲಿ ಭಾಂಗ್ರಾ ಡಿಸ್ಕೊಗಳು ನಡೆಯುತ್ತಿದ್ದವು. ಮಧ್ಯಾಹ್ನದ ಹೊತ್ತು! ವಲಸೆ ಬಂದ ದಕ್ಷಿಣ ಏಷ್ಯಾದ ತಂದೆತಾಯಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ರಾತ್ರಿ ಹೊರಗೆ ಬಿಡುತ್ತಿರಲಿಲ್ಲ. ಹಾಗಾಗಿ ಮಕ್ಕಳು ಶಾಲೆ, ಕಾಲೇಜು ತಪ್ಪಿಸಿ ಹಗಲಲ್ಲೇ ಹೋದರು. ಮನೆಯಿಂದ ಸಲ್ವಾರಿನಲ್ಲಿ ಹೊರಟು, ಶೌಚಾಲಯದಲ್ಲಿ ಬಟ್ಟೆ ಬದಲಿಸಿ, ಕುಣಿದು, ಶಾಲೆ ಬಿಡುವ ಹೊತ್ತಿಗೆ ಮತ್ತೆ ಸಲ್ವಾರಿನಲ್ಲಿ ಮನೆ ಸೇರುತ್ತಿದ್ದರು.

ತಮಾಷೆಯಾಗಿದೆ ಅಲ್ಲವೇ? ನನಗೂ ಮೊದಲು ನಗು ಬಂದಿತ್ತು. ಮಗಳು ಹುಟ್ಟಿದ ಮೇಲೆ ಇದು ಬೇರೆ ಥರ ಕೇಳಿಸುತ್ತಿದೆ. ತಂದೆತಾಯಿ ಬೇಡ ಅಂದಿದ್ದರಿಂದ ಕುಣಿತ ನಿಲ್ಲಲಿಲ್ಲ, ಹೇಳುವುದು ಮಾತ್ರ ನಿಂತಿತು. ಅಂಥ ಮಧ್ಯಾಹ್ನ ಏನಾದರೂ ಹೆಚ್ಚುಕಮ್ಮಿಯಾಗಿದ್ದರೆ ಆ ಹುಡುಗಿ ಮನೆಗೆ ಫೋನ್ ಮಾಡುತ್ತಿದ್ದಳೇ?

ಆ ಪೀಳಿಗೆಯಿಂದ ಒಳ್ಳೆಯದೂ ಬಂತು. ಲಂಡನ್ನಿನಲ್ಲೇ ಹುಟ್ಟಿದ ತಬಲಾವಾದಕ ತಲ್ವಿನ್ ಸಿಂಗ್ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್ಬಿನಲ್ಲಿ ಸೋಮವಾರ ರಾತ್ರಿಗಳಂದು 'ಅನೋಖಾ' ನಡೆಸುತ್ತಿದ್ದರು. 1997ರಲ್ಲಿ ಅದೇ ಹೆಸರಿನ ಸಂಕಲನ ಬಂತು. ತಬಲಾ, ಡ್ರಮ್ ಅಂಡ್ ಬೇಸ್ ಒಂದೇ ಉಸಿರಲ್ಲಿ. ಆಗಲೂ ರಸಿಕರು ಎರಡು ಪಾಲಾದರು: ಇದು ನಮ್ಮ ದನಿ ಎಂದವರು ಒಂದು ಕಡೆ, ಬಿಳಿಯರ ಫ್ಯಾಷನ್ನಿಗೆ ನಮ್ಮ ಸಂಗೀತದ ಒಗ್ಗರಣೆ ಎಂದವರು ಇನ್ನೊಂದು ಕಡೆ. ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡುವ ನಮ್ಮ ಮಕ್ಕಳ ಬಗ್ಗೆ ನಾವು ಆಡುವ ಮಾತುಗಳಂತೆಯೇ ಇವೆ ನೋಡಿ. ಎರಡು ಭಾಷೆ ಬೆರೆಸುವ ಮಗು ಗೊಂದಲದಲ್ಲಿಲ್ಲ, ಎರಡನ್ನೂ ಬಳಸುತ್ತಿದೆ ಅಷ್ಟೇ. ಭಾಷಾ ಸಂಶೋಧಕರು ಇದನ್ನು ಬಹಳ ಕಾಲದಿಂದ ಹೇಳುತ್ತಿದ್ದಾರೆ.

ಹೆದರಿಕೆ ಸುಳ್ಳಲ್ಲ

ಕ್ಲಬ್ ಅಂದರೆ ಬರೀ ಸಂಗೀತ ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಮಾದಕ ವಸ್ತುಗಳಿಂದ ಇಬ್ಬರು ಹದಿನೆಂಟರ ಹುಡುಗರು ಸತ್ತ ಮೇಲೆ, ಸೆಪ್ಟೆಂಬರ್‌ನಲ್ಲಿ ಇಸ್ಲಿಂಗ್ಟನ್ ಕೌನ್ಸಿಲ್ ಫ್ಯಾಬ್ರಿಕ್‌ನ ಪರವಾನಗಿ ರದ್ದು ಮಾಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕ್ಲಬ್ ಉಳಿಸಿ ಎಂದು ಸಹಿ ಹಾಕಿದರು. 2017ರ ಜನವರಿಯಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಅದು ಮತ್ತೆ ತೆರೆಯಿತು: ಬಾಗಿಲಲ್ಲಿ ಗುರುತಿನ ಚೀಟಿಯ ಸ್ಕ್ಯಾನ್, ವಾರಾಂತ್ಯದ ರಾತ್ರಿಗಳಿಗೆ ಕನಿಷ್ಠ 19 ವರ್ಷ. ಆ ತಿಂಗಳು ನಾನು ತುಂಬು ಗರ್ಭಿಣಿ. ಸುದ್ದಿ ಓದುತ್ತಾ ಮೊದಲ ಸಲ ನಾನು ಕುಣಿಯುವವಳ ಜಾಗದಲ್ಲಿ ಇರಲಿಲ್ಲ, ಆ ಹುಡುಗರ ತಾಯಂದಿರ ಜಾಗದಲ್ಲಿದ್ದೆ. ಸಹಿ ಹಾಕಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಅಷ್ಟು ಸಲೀಸಾಗಿ ಹಾಕಬಾರದಿತ್ತು ಅನ್ನಿಸುತ್ತದೆ.

ಯಾರೂ ಹೆದರದ ಇನ್ನೊಂದು ಅಪಾಯ ಕಿವಿಯದ್ದು. ಒಮ್ಮೆ ಬೇರೊಂದು ಸಣ್ಣ ಜಾಗದಲ್ಲಿ ಸ್ಪೀಕರಿನ ಪಕ್ಕದಲ್ಲೇ ನಾಲ್ಕು ತಾಸು ನಿಂತು ಮೂರು ದಿನ ಕಿವಿಯಲ್ಲಿ ಸಿಳ್ಳೆ ಕೇಳಿಸಿಕೊಂಡವಳು ನಾನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ ಅದು 75. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. ಲೆಕ್ಕ ಹಾಕಿದರೆ 100 ಡೆಸಿಬಲ್‌ಗೆ ಇಡೀ ವಾರಕ್ಕೆ ಅರ್ಧ ಗಂಟೆಯೂ ಸಿಗುವುದಿಲ್ಲ. ಇದು ಕ್ಲಬ್ಬಿಗೆ ಮಾತ್ರವಲ್ಲ, ನಮ್ಮ ಗಣೇಶೋತ್ಸವ, ರಾಜ್ಯೋತ್ಸವದ ಹಾಲ್‌ಗಳಿಗೂ ಅನ್ವಯ. ಮಕ್ಕಳಿಗೆ ಇಯರ್ ಮಫ್, ದೊಡ್ಡವರಿಗೆ ಇಯರ್ ಪ್ಲಗ್ ಜೊತೆಗಿರಲಿ, ಸ್ಪೀಕರಿನಿಂದ ದೂರ ಕೂರಿ. ಹದಿಹರೆಯದಲ್ಲಿ ನಮ್ಮ ಮಾತು ಕೇಳಲಿಕ್ಕಿಲ್ಲ, ಎಂಟರಲ್ಲಿ ಬಂದ ಅಭ್ಯಾಸ ಉಳಿದೀತು.

ಮನೆಯಲ್ಲಿ ಹೀಗೆ ಮಾಡಿ ನೋಡಿ

ನಾವಿಬ್ಬರೂ ಈಗ ಅಜ್ಜಿಗಾಗಿ ಒಂದು ಸಂಕಲನ ಮಾಡುತ್ತಿದ್ದೇವೆ. ಹತ್ತೇ ಹಾಡು. ಯಾವ ಭಾಷೆಯದಾದರೂ ಆಗಬಹುದು, ಶಾಲೆಯಲ್ಲಿ ಕೇಳಿದ್ದೂ ಆಗಬಹುದು. ಆದರೆ ಇದರ ನಂತರ ಅದು ಯಾಕೆ ಅಂತ ಕನ್ನಡದಲ್ಲಿ ಹೇಳಬೇಕು. ಮೊದಲ ದಿನ "ಯಾಕಂದ್ರೆ ಚೆನ್ನಾಗಿದೆ" ಅಂತಷ್ಟೇ ಹೇಳುತ್ತಿದ್ದಳು. ಎರಡನೇ ವಾರಕ್ಕೆ "ಇದು ಜೋರು, ಅಜ್ಜಿಗೆ ಸುಸ್ತಾಗತ್ತೆ, ಅದಕ್ಕೆ ಆಮೇಲೆ ನಿಧಾನದ್ದು" ಎಂದಳು. ಅದಕ್ಕೆ, ಆಮೇಲೆ, ಆದರೂ, ಅಷ್ಟರಲ್ಲಿ: ಅವಳ ಕನ್ನಡದಲ್ಲಿ ಇಲ್ಲದಿದ್ದವು ಇಂಥ ಜೋಡಿಸುವ ಪದಗಳೇ. ಹಾಡು ಜೋಡಿಸುವಾಗ ಅವೂ ಬರತೊಡಗಿದವು.

ಅಮ್ಮನ ಬಗ್ಗೆ ಹೇಳಿ ಮುಗಿಸುತ್ತೇನೆ. ಆ ಕಾಲ್ ಆದ ಮೇಲೆ ನಾಲ್ಕು ದಿನ ಮೌನ. ಐದನೇ ದಿನ ಅವರೇ ಫೋನ್ ಮಾಡಿದರು. "ಒಬ್ಬಳೇ ಹೋಗ್ತಿದ್ಯಾ? ವಾಪಸ್ ಬರುಕೆ ಬಸ್ಸಿತ್ತಾ?" ಗೆಳತಿ ಇರುತ್ತಿದ್ದಳು, ರಾತ್ರಿ ಬಸ್ಸೂ ಇತ್ತು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಕೇಳಿದ್ರೆ ನಾನು ಬೇಡ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ ಅಲ್ದಾ?" ಅಂದರು.

ಹೌದು ಅಂದೆ. ಬೇರೆ ಉತ್ತರ ಇರಲಿಲ್ಲ. ರಾತ್ರಿಯಿಡೀ ಆಟ ನೋಡಿ, ಬೆಳಗಿನ ಮೊದಲ ಬಸ್ಸಿಗೆ ನನ್ನನ್ನು ಹೆಗಲ ಮೇಲೆ ಹೊತ್ತು ತಂದವರು ಅವರೇ. ಅವರಿಗೆ ಅರ್ಥವಾಗುತ್ತಿತ್ತೋ ಏನೋ. ನಾನು ಕೇಳಲೇ ಇಲ್ಲ.

ನನ್ನ ಮಗಳು ಹದಿನೆಂಟಕ್ಕೆ ಎಲ್ಲಿಗಾದರೂ ಹೊರಟರೆ ನಾನೂ ಬೇಡ ಅನ್ನಬಹುದು. ಆದರೂ ಹೋಗುವ ಮುಂಚೆ ಹೇಳಿ ಹೋಗುವಷ್ಟು ಕನ್ನಡ ಅವಳಿಗೂ, ಕೇಳಿಸಿಕೊಳ್ಳುವಷ್ಟು ತಾಳ್ಮೆ ನನಗೂ ಇರಲಿ. ಅಜ್ಜಿಯ ಸಂಕಲನದಲ್ಲಿ ಎಂಟು ಹಾಡು ಆಗಿವೆ. ಒಂಬತ್ತನೆಯದು ತಗಡಿನ ಡಬ್ಬಿಯಿಂದ ಇರಲಿ ಅಂತ ಮಗಳ ಹಟ. ಯಾವುದರ ನಂತರ ಹಾಕುವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ನಿಮ್ಮ ಮನೆಯ ಹತ್ತು ಯಾವುವು? ಬರೆದು ತಿಳಿಸಿ.