ಕೈಯಾರೆ ಕಟ್ಟಿದ ಕಾರಿಗೆ ಕಾನೂನಿನಲ್ಲಿ ಸ್ಥಾನವಿಲ್ಲವೆ?

ಬಸವನಗುಡಿಯ ನಮ್ಮ ಬೀದಿಯಲ್ಲಿ ಹಳೆಯ ಮನೆಯೊಂದರ ಪೋರ್ಟಿಕೋದಲ್ಲಿ ಕಳೆದ ಎಂಟು ತಿಂಗಳಿನಿಂದ ಪುಟ್ಟ ಕಾರೊಂದು ಟಾರ್ಪಾಲಿನ್ ಹೊದ್ದು ನಿಂತಿದೆ. ಎರಡೇ ಆಸನ, ಮೇಲ್ಛಾವಣಿಯಿಲ್ಲ, ಬಾಗಿಲೂ ಇಲ್ಲ. ಅದು ಯಾವ ಷೋರೂಮಿನಿಂದಲೂ ಬಂದದ್ದಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಕಂಪೆನಿಯೊಂದರಲ್ಲಿ ಕೆಲಸದಲ್ಲಿರುವ ಆ ಮನೆಯ ಹುಡುಗ ಮೂರು ವರ್ಷಗಳ ಶನಿವಾರ, ಭಾನುವಾರಗಳನ್ನು ಸುರಿದು ಅದನ್ನು ಕಟ್ಟಿದ್ದಾನೆ. ಎಂಜಿನ್ ಮೊದಲ ಬಾರಿಗೆ ಸದ್ದು ಮಾಡಿದ ದಿನ ಬೀದಿಯವರೆಲ್ಲ ಸೇರಿದ್ದೆವು. ಅವನ ತಾಯಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಕಾರು ಅವನ್ನು ಹಿಂಡಿಕೊಂಡು ಗೇಟಿನವರೆಗೆ ಬಂದು ನಿಂತಿತು. ಗೇಟಿನಾಚೆಗೆ ಹೋಗುವ ಹಕ್ಕು ಅದಕ್ಕಿಲ್ಲ. 'ಅಂಕಲ್, ನೀವು ಸರ್ಕಾರದಲ್ಲಿ ಇದ್ದೋರು. ಇದಕ್ಕೆ ನಂಬರ್ ಸಿಗೋಕೆ ದಾರೀನೇ ಇಲ್ವಾ?' ಎಂದು ಹುಡುಗ ಕೇಳಿದ. ಕಾಯ್ದೆ ಪುಸ್ತಕ ತೆರೆದು ನೋಡಿದೆ. ದಾರಿ ಕಾಣಲಿಲ್ಲ.

ಇದು ಒಬ್ಬ ಹುಡುಗನ ಹವ್ಯಾಸದ ಪ್ರಶ್ನೆ ಮಾತ್ರವಾಗಿದ್ದರೆ ಈ ಪುಟದ ಜಾಗವನ್ನು ಅದಕ್ಕೆ ಬಳಸುತ್ತಿರಲಿಲ್ಲ. ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ನಗರದಲ್ಲಿ, ಕೈಯಿಂದ ಒಂದು ವಸ್ತುವನ್ನು ಮಾಡಿದವನನ್ನು ನಮ್ಮ ಕಾನೂನು ಹೇಗೆ ನೋಡುತ್ತದೆ ಎಂಬ ಪ್ರಶ್ನೆ ಇದರಲ್ಲಿದೆ.

ಅವನು ಮಾಡಿದ್ದೇನು ಎಂಬುದನ್ನು ಮೊದಲು ಹೇಳಬೇಕು. ಉಕ್ಕಿನ ಕೊಳವೆಗಳನ್ನು ಬೆಸೆದು ಚೌಕಟ್ಟು ಕಟ್ಟಿದ. ಅಪಘಾತದಲ್ಲಿ ನುಜ್ಜುಗುಜ್ಜಾಗಿದ್ದ ಮಾರುತಿ ಈಕೋ ವ್ಯಾನೊಂದರಿಂದ 1,196 ಸಿ.ಸಿ.ಯ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ತೆಗೆದುಕೊಂಡ. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿದ್ದು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ಈಕೋದಲ್ಲಿ ಅದು ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಈ ಬಗೆಯ ಕಾರಿಗೆ ಬೇಕಾದದ್ದೂ ಅದೇ. ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ನೆಲಕ್ಕೆ ತಾಗುವಂತಿದ್ದುದರಿಂದ ಅದನ್ನು ಕತ್ತರಿಸಿ ಆಳ ಕಡಿಮೆ ಮಾಡಿ ಮತ್ತೆ ಬೆಸೆಯಬೇಕಾಯಿತು. ಪ್ರೊಪೆಲ್ಲರ್ ಷಾಫ್ಟನ್ನು ಚಾಮರಾಜಪೇಟೆಯ ಲೇತ್ ಅಂಗಡಿಯೊಂದರಲ್ಲಿ ಗಿಡ್ಡ ಮಾಡಿಸಿ ಸಮತೋಲನ ಪರೀಕ್ಷೆ ಮಾಡಿಸಿದ. ಉಳಿದ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯಿತ್ತು.

ಇವೆಲ್ಲ ಕೈಕೆಲಸ. ಹೆಚ್ಚು ಕಾಲ ಹಿಡಿದದ್ದು ವಿದ್ಯುತ್ ತಂತಿಗಳ ಕೆಲಸ. ಈಗಿನ ಎಂಜಿನ್ನು ಬರಿಯ ಕಬ್ಬಿಣವಲ್ಲ. ಅದಕ್ಕೊಂದು ಗಣಕದ ಮೆದುಳಿದೆ. ಕೀಲಿಯೊಳಗಿನ ಕಳ್ಳತನ ತಡೆಯುವ ಸಂಕೇತ ಸಿಗದಿದ್ದರೆ ಅದು ಎಂಜಿನ್ನನ್ನು ಓಡಗೊಡುವುದಿಲ್ಲ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಕೊಡುವ ಮಾಹಿತಿಯನ್ನು ಅನುಸರಿಸಿ ಪೆಟ್ರೋಲನ್ನು ಅಳೆದು ಸುರಿಸುತ್ತದೆ. ಆ ವ್ಯವಸ್ಥೆಯನ್ನೂ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಅವನು ಕಿತ್ತುಹಾಕದೆ ಉಳಿಸಿಕೊಂಡ. ವೇಬ್ರಿಡ್ಜಿನಲ್ಲಿ ಕಾರು 560 ಕಿಲೋ ತೂಗಿತು. 900 ಕಿಲೋ ಮೀರಿದ ವ್ಯಾನನ್ನು ಎಳೆಯುತ್ತಿದ್ದ 73 ಅಶ್ವಶಕ್ತಿಗೆ ಈಗ ಅದರ ಮುಕ್ಕಾಲು ಭಾಗಕ್ಕೂ ಕಡಿಮೆ ಹೊರೆ. ಸಾಮಾನ್ಯ ಕುಟುಂಬದ ಕಾರಿನ ಎಂಜಿನ್ನು ಹಗುರ ದೇಹದಲ್ಲಿ ಕುಳಿತಾಗ ಕ್ರೀಡಾ ಕಾರಿನ ಚುರುಕು ಪಡೆಯುತ್ತದೆ. ಈ ವಿದ್ಯೆಯ ಸಾರ ಇಷ್ಟೆ.

ವಿದ್ಯೆ ಹೊಸದೇನಲ್ಲ. ಬ್ರಿಟನ್ನಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಹೊರತಂದಾಗ ಅದರಲ್ಲಿದ್ದದ್ದು ಫೋರ್ಡ್ ಕಂಪೆನಿಯ 1,172 ಸಿ.ಸಿ.ಯ ಸಾಧಾರಣ ಎಂಜಿನ್. ಅದನ್ನು ಬಿಡಿಭಾಗಗಳ ಕಟ್ಟಾಗಿ ಮಾರಿದ್ದಕ್ಕೆ ಕಾರಣ ತೆರಿಗೆ. ಪೂರ್ಣಗೊಂಡ ಕಾರಿಗೆ ಅಲ್ಲಿ ಖರೀದಿ ತೆರಿಗೆಯಿತ್ತು, ಮನೆಯಲ್ಲಿ ಜೋಡಿಸಿಕೊಳ್ಳುವ ಕಟ್ಟಿಗೆ ಇರಲಿಲ್ಲ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಆ ಅನುಕೂಲ ಹೋಯಿತು. ಆದರೆ ಅಷ್ಟರಲ್ಲಿ ಒಂದು ಕಸುಬು ಬೇರೂರಿತ್ತು. ಕಾನೂನಿನ ಒಂದು ಸಣ್ಣ ಸಂದಿಯಿಂದ ಒಂದು ಉದ್ಯಮವೇ ಹುಟ್ಟಬಹುದು ಎಂಬುದಕ್ಕೆ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಮ್ಮಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ಕೊಯಮತ್ತೂರಿನ ಕರಿವರ್ಧನ್ ಮಾರುತಿ ಎಂಜಿನ್ ಬಳಸಿ ಕಡಿಮೆ ವೆಚ್ಚದ ರೇಸ್ ಕಾರುಗಳನ್ನು ಕಟ್ಟಿದರು. ಅಲ್ಲಿನ ರೇಸ್ ಪಥಕ್ಕೆ ಇಂದು ಅವರದೇ ಹೆಸರಿದೆ. ಬೆಂಗಳೂರಿನ ಸ್ಯಾನ್ ಸಮೂಹ 1990ರ ದಶಕದ ಕೊನೆಯಲ್ಲಿ 'ಸ್ಟಾರ್ಮ್' ಎಂಬ ಎರಡು ಆಸನಗಳ ಕಾರನ್ನು ಹೊರತಂದಿತು. ಫೈಬರ್ ಗ್ಲಾಸಿನ ದೇಹ, ಒಳಗೆ ರೆನೋ ಕಂಪೆನಿಯ 1,149 ಸಿ.ಸಿ. ಎಂಜಿನ್. ಅದು ಹೆಚ್ಚು ಮಾರಾಟವಾಗಲಿಲ್ಲ ಎಂಬುದು ಬೇರೆ ಮಾತು. ಅದಕ್ಕೂ ಬಹಳ ಹಿಂದೆ, 1930ರ ದಶಕದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಗಾಗಿ ಯೋಜನೆ ಸಿದ್ಧಪಡಿಸಿ, ಅಮೆರಿಕ, ಯೂರೋಪುಗಳನ್ನು ಸುತ್ತಿ ಬಂದಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಆ ಸರ್ಕಾರ ಪರರದ್ದಾಗಿತ್ತು. ಇಂದಿನ ಕಾಯ್ದೆ ನಮ್ಮದೇ.

ಕಾಯ್ದೆ ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲತಃ ಉದಾರವಾಗಿತ್ತು. ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಬಹುದಿತ್ತು. ಮಲೆನಾಡಿನ ತೋಟಗಳ ಹಳೆಯ ಪೆಟ್ರೋಲ್ ಜೀಪುಗಳು ಡೀಸೆಲ್ ಎಂಜಿನ್ ಪಡೆದದ್ದು ಆ ಕಾಲದಲ್ಲಿ. 2000ದ ತಿದ್ದುಪಡಿ ಈ ಬಾಗಿಲನ್ನು ಮುಚ್ಚಿತು. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಾಡು ಕೂಡದು ಎಂದಿತು. ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ಸೋಜಿಗವೆಂದರೆ, ಅನುಮೋದಿತ ಕಿಟ್ ಹಾಕಿಸಿ ಕಾರನ್ನು ಅನಿಲಕ್ಕೋ ಬ್ಯಾಟರಿಗೋ ಬದಲಿಸಿಕೊಳ್ಳಲು ಅವಕಾಶವಿದೆ. ಹೊಗೆಯುಗುಳುವ ಹಳೆಯ ಎಂಜಿನ್ ತೆಗೆದು ಬೇರೊಂದು ಕಂಪೆನಿಯ ಹೊಸ, ಶುಚಿಯಾದ ಪೆಟ್ರೋಲ್ ಎಂಜಿನ್ ಕೂರಿಸಲು ಇಲ್ಲ.

ಪೂರ್ತಿ ಹೊಸದಾಗಿ ಕಟ್ಟಿದ ವಾಹನದ ಪಾಡು ಇನ್ನೂ ಕಷ್ಟ. ನೋಂದಣಿಗೆ ತಯಾರಕರು ಕೊಡುವ ನಮೂನೆ 22, ಅಂದರೆ ರಸ್ತೆ ಯೋಗ್ಯತೆಯ ಪ್ರಮಾಣಪತ್ರ ಬೇಕು. ತಯಾರಕರು ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಮಾದರಿ ವಾಹನವನ್ನು ಪುಣೆಯ ಎ.ಆರ್.ಎ.ಐ.ನಂಥ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಲಕ್ಷ ಕಾರು ಮಾರುವ ಕಂಪೆನಿಗೆ ಈ ಪರೀಕ್ಷೆಯ ವೆಚ್ಚ ಲಕ್ಷ ಪಾಲಾಗಿ ಹಂಚಿಹೋಗುತ್ತದೆ. ಒಂದೇ ಕಾರು ಕಟ್ಟಿದವನಿಗೆ ಅಷ್ಟೂ ವೆಚ್ಚ ಒಂದರ ಮೇಲೆಯೇ ಬೀಳುತ್ತದೆ. ಈ ನಿಯಮ ಸಾಮೂಹಿಕ ಉತ್ಪಾದನೆಗಾಗಿ ರೂಪಿಸಿದ್ದು. ಅದು ಒಂಟಿ ವಾಹನವನ್ನು ಪರೀಕ್ಷಿಸಿ ಅನುತ್ತೀರ್ಣಗೊಳಿಸುತ್ತಿಲ್ಲ, ಪರೀಕ್ಷೆಗೇ ಕೂರಿಸುತ್ತಿಲ್ಲ.

ಎದುರಾಳಿಗಳ ವಾದ ಹಗುರವಾದುದಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸೈಲೆನ್ಸರ್ ಕಿತ್ತು ಬೀದಿ ನಡುಗಿಸುವವರನ್ನು ನಾವೆಲ್ಲ ಕಂಡಿದ್ದೇವೆ. ಕಳವಿನ ವಾಹನಗಳ ಎಂಜಿನ್ನುಗಳು ಗುಜರಿಯಲ್ಲಿ ಕರಗಿಹೋಗುವ ಸಂಗತಿಯೂ ಹೊಸದಲ್ಲ. ಬೆಸುಗೆ ಬಿಟ್ಟ ಚೌಕಟ್ಟು ಕಟ್ಟಿದವನನ್ನು ಮಾತ್ರ ಕೊಲ್ಲುವುದಿಲ್ಲ. ರಸ್ತೆ ದಾಟುವ ಅಜ್ಜಿಯನ್ನೂ ಕೊಲ್ಲಬಹುದು. ಆದ್ದರಿಂದ ನಾನು ಕೇಳುತ್ತಿರುವುದು ವಿನಾಯಿತಿಯನ್ನಲ್ಲ, ತಪಾಸಣೆಯನ್ನು. ಇಂದಿನ ನಿಷೇಧದಿಂದ ಇಂಥ ವಾಹನಗಳು ಇಲ್ಲವಾಗಿಲ್ಲ. ದಾನಿ ವಾಹನದ ಆರ್‌ಸಿ ಪುಸ್ತಕವನ್ನೇ ತೋರಿಸಿಕೊಂಡು ಕದ್ದುಮುಚ್ಚಿ ಓಡುವವು ಇವೆ. ಅವುಗಳ ಬ್ರೇಕನ್ನು ಯಾವ ಅಧಿಕಾರಿಯೂ ನೋಡಿಲ್ಲ. ನಮ್ಮ ಹುಡುಗನಿಗೂ ಹಿತೈಷಿಯೊಬ್ಬರು ಆ ಉಪಾಯ ಹೇಳಿಕೊಟ್ಟರು. ಅವನು ಒಪ್ಪಲಿಲ್ಲ. ಪ್ರಾಮಾಣಿಕನನ್ನು ಗೇಟಿನೊಳಗೆ ಕಟ್ಟಿಹಾಕಿ, ಅಪ್ರಾಮಾಣಿಕನನ್ನು ರಸ್ತೆಗೆ ಬಿಡುವ ನಿಯಮ ಯಾರ ಸುರಕ್ಷತೆಯನ್ನು ಕಾಯುತ್ತಿದೆ?

ಬ್ರಿಟನ್ನಿನಲ್ಲಿ ಒಂಟಿ ವಾಹನಕ್ಕಾಗಿಯೇ ಪ್ರತ್ಯೇಕ ಅನುಮೋದನೆಯ ವ್ಯವಸ್ಥೆಯಿದೆ. ಬ್ರೇಕು, ಸ್ಟೀರಿಂಗು, ಸೀಟ್ ಬೆಲ್ಟು, ದೀಪ, ಹೊಗೆ, ಪಾದಚಾರಿಗೆ ತಾಗಬಹುದಾದ ಚೂಪು ಅಂಚುಗಳು ಎಲ್ಲವನ್ನೂ ಸರ್ಕಾರಿ ಪರೀಕ್ಷಕ ನೋಡುತ್ತಾನೆ. ತಪ್ಪಿದ್ದರೆ ಪಟ್ಟಿ ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. ನಮ್ಮಲ್ಲಿ ಇಂಥದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಮಾರ್ಪಾಡಿಗೆ ಷರತ್ತುಗಳನ್ನು ರೂಪಿಸುವ ಅಧಿಕಾರವನ್ನು 52ನೇ ಸೆಕ್ಷನ್ನಿನ ತಿದ್ದುಪಡಿಯೇ ಕೇಂದ್ರಕ್ಕೆ ಕೊಟ್ಟಿದೆ. ಹೊಸದಾಗಿ ಕಟ್ಟಿದ ಒಂಟಿ ವಾಹನಕ್ಕೆ ನಿಯಮಾವಳಿಯಲ್ಲಿ ಒಂದು ಅಧ್ಯಾಯ ಸೇರಿಸಿದರೆ ಸಾಕು. ಲಾರಿ, ಬಸ್ಸುಗಳ ಬಾಡಿ ಕಟ್ಟುವವರಿಗೆ ನಮೂನೆ 22-ಎ ಎಂಬ ಪೂರ್ವನಿದರ್ಶನವೂ ಇದೆ.

ಷರತ್ತುಗಳು ಬಿಗಿಯಾಗಿರಲಿ. ವರ್ಷಕ್ಕೆ ಇಂತಿಷ್ಟೇ ವಾಹನ ಎಂಬ ಮಿತಿಯಿರಲಿ. ಎಂಜಿನ್ ಬಂದ ದಾನಿ ವಾಹನದ ನೋಂದಣಿ ರದ್ದಾದ ದಾಖಲೆ ಕಡ್ಡಾಯವಾಗಲಿ; ಕಳವಿನ ಮಾಲಿಗೆ ಆಸ್ಪದವಿರದು. ಹೊಗೆಯ ಮಿತಿ ಎಂಜಿನ್ ತಯಾರಾದ ವರ್ಷಕ್ಕೆ ಅನ್ವಯಿಸುವ ಮಾನದಂಡಕ್ಕೆ ಕಡಿಮೆಯಿರಬಾರದು. ಚೌಕಟ್ಟಿನ ನಕ್ಷೆ ಮತ್ತು ಬೆಸುಗೆಯನ್ನು ಎಂಜಿನಿಯರಿಂಗ್ ಕಾಲೇಜೊಂದು ಪರಿಶೀಲಿಸಿ ಸಹಿ ಹಾಕಲಿ. 1946ರಲ್ಲಿ ಆರಂಭವಾದ ಬಿ.ಎಂ.ಎಸ್. ಕಾಲೇಜು ಇರುವುದು ಇದೇ ಬಸವನಗುಡಿಯಲ್ಲಿ. ನಂಬರ್ ಪ್ಲೇಟು ಬೇರೆ ಬಣ್ಣದ್ದಾಗಿರಲಿ, ಕೆಲವು ವರ್ಷ ಮಾರಾಟ ನಿಷಿದ್ಧವಾಗಲಿ. ತಪಾಸಣೆಯ ನ್ಯಾಯವಾದ ವೆಚ್ಚವನ್ನು ಕಟ್ಟಿದವನೇ ಭರಿಸಲಿ. ಕರ್ನಾಟಕ ಸರ್ಕಾರ ಇಂಥ ಪ್ರಸ್ತಾವವನ್ನು ಕೇಂದ್ರಕ್ಕೆ ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಇದನ್ನು ಬರೆಯುವ ನೈತಿಕ ಹಕ್ಕು ನನಗೆಷ್ಟಿದೆ ಎಂಬ ಅಳುಕು ಇದೆ. ಮೂವತ್ತು ವರ್ಷಗಳಿಗೂ ಹಿಂದೆ, ಜಿಲ್ಲೆಯೊಂದರಲ್ಲಿ ಕೆಲಸದಲ್ಲಿದ್ದಾಗ, ಹಳ್ಳಿಯ ಮೆಕ್ಯಾನಿಕನೊಬ್ಬ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ ಕೂರಿಸಿದ ಗಾಡಿಯೊಂದನ್ನು ತಂದು ಕಚೇರಿಯ ಮುಂದೆ ನಿಲ್ಲಿಸಿದ್ದ. ಸಂತೆಗೆ ತರಕಾರಿ ಸಾಗಿಸಲು ಪರವಾನಗಿ ಬೇಕಿತ್ತು. ನಾನು ಹೊರಗೆ ಹೋಗಿ ಆ ಗಾಡಿಯನ್ನು ನೋಡಲಿಲ್ಲ. ಕಡತದಲ್ಲಿ 'ನಿಯಮಗಳಲ್ಲಿ ಅವಕಾಶವಿಲ್ಲ' ಎಂದು ಬರೆದು ಸಹಿ ಹಾಕಿದೆ. ಬರೆದದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಕೆಲವು ತಿಂಗಳ ನಂತರ ಅದೇ ಗಾಡಿ ಸಂತೆಯ ದಾರಿಯಲ್ಲಿ ಹಿಂಬದಿಯ ದೀಪವೂ ಇಲ್ಲದೆ ಕತ್ತಲಲ್ಲಿ ಹೋಗುತ್ತಿತ್ತು. ಅಂದು ಎದ್ದು ಹೋಗಿ ನೋಡಿದ್ದರೆ, ಕನಿಷ್ಠ ಒಂದು ದೀಪ ಹಾಕಿಸು ಎಂದಾದರೂ ಹೇಳಬಹುದಿತ್ತು.

ಕೈಯಾರೆ ಕಟ್ಟಿದ ವಾಹನವನ್ನು ಎದ್ದು ಬಂದು ನೋಡುವ ಅಧಿಕಾರಿ ಈ ವ್ಯವಸ್ಥೆಗೆ ಬೇಕು. ನೋಡಿದ ಮೇಲೆ ಬೇಡವೆನ್ನಲಿ, ಅಭ್ಯಂತರವಿಲ್ಲ. ಬಸವನಗುಡಿಯ ಪೋರ್ಟಿಕೋದಲ್ಲಿ ಹುಡುಗ ವಾರಕ್ಕೊಮ್ಮೆ ಟಾರ್ಪಾಲಿನ್ ಸರಿಸಿ, ಬ್ಯಾಟರಿ ಸಾಯದಿರಲೆಂದು ಹತ್ತು ನಿಮಿಷ ಎಂಜಿನ್ ಓಡಿಸುತ್ತಾನೆ. ಆಮೇಲೆ ಮತ್ತೆ ಮುಚ್ಚುತ್ತಾನೆ.