ಬೆಟ್ಟದಲ್ಲಿ ಕ್ಯಾರವಾನ್ ನಿಲ್ಲಿಸಿ ಮಲಗುವ ಮುನ್ನ: ಆ ತಲೆನೋವು ಎತ್ತರದ್ದೋ, ಗ್ಯಾಸಿನದೋ?

ರಜೆ ಹತ್ತಿರ ಬಂದಂತೆ ಮೊಬೈಲ್‌ಗೆ ಬರುವ ವಿಡಿಯೋಗಳೂ ಬದಲಾಗುತ್ತವೆ. ಹಿಮದ ಬೆಟ್ಟ, ಪಕ್ಕದಲ್ಲಿ ಹರಿಯುವ ನದಿ, ಅದರ ದಡದಲ್ಲೊಂದು ಕ್ಯಾರವಾನ್. ಹೋಟೆಲ್ ಬಾಡಿಗೆ ಇಲ್ಲ, ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ, ಮನಸ್ಸಿಗೆ ಬಂದಲ್ಲಿ ಪುಕ್ಕಟೆ ಬಿಡಾರ. ಅದರ ಹಿಂದೆಯೇ ಸಲಹೆಗಳೂ ಬರುತ್ತವೆ: ಚಳಿಯಾದರೆ ಒಳಗೆ ಕೆಂಡ ಇಟ್ಟುಕೊಳ್ಳಿ, ಕಿಟಕಿ ಒಂದಿಂಚು ತೆರೆದರೆ ಸಾಕು. ಉಸಿರು ಕಟ್ಟಿದರೆ ಕರ್ಪೂರ ಮೂಸಿ. ಜೊತೆಗೊಂದು ಆಕ್ಸಿಮೀಟರ್ ಇದ್ದರೆ ಭಯವೇ ಬೇಡ.

ಗಾಡಿಯಲ್ಲಿ ಪ್ರವಾಸ ಮಾಡುವುದು ತಪ್ಪಲ್ಲ, ಅದರಲ್ಲಿ ಖುಷಿಯೂ ಇದೆ. ಆದರೆ ಈ ಸಲಹೆಗಳೆಲ್ಲ 'ಏನಾದರೂ ತೊಂದರೆಯಾದರೆ ನಮಗೆ ಗೊತ್ತಾಗೇ ಆಗುತ್ತದೆ' ಎಂಬ ನಂಬಿಕೆಯ ಮೇಲೆ ನಿಂತಿವೆ. ಬೆಟ್ಟದ ರಾತ್ರಿಯಲ್ಲಿ ಜೀವ ತೆಗೆಯುವ ಅಪಾಯಗಳು ಹೆಚ್ಚಾಗಿ ಮುನ್ಸೂಚನೆ ಕೊಡುವುದಿಲ್ಲ. ಹೇಗೆ ಎಂದು ಒಂದೊಂದಾಗಿ ನೋಡೋಣ.

ನಮ್ಮ ಬೆಟ್ಟ ಬೇರೆ, ಹಿಮಾಲಯ ಬೇರೆ

'ಚಿಕ್ಕಮಗಳೂರಿನಲ್ಲಿ ಎಷ್ಟೋ ಸಲ ಗಾಡಿಯಲ್ಲೇ ಮಲಗಿದ್ದೇವೆ, ಏನೂ ಆಗಿಲ್ಲ' ಎನ್ನುವವರಿದ್ದಾರೆ. ನಿಜ. ಆದರೆ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹಿಮಾಚಲದ ಮನಾಲಿ ಪೇಟೆಯೇ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ರಾಜ್ಯದ ತುತ್ತತುದಿಗಿಂತ ಮೇಲಿಂದ ಅಲ್ಲಿನ ಪ್ರಯಾಣ ಶುರುವಾಗುತ್ತದೆ.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಮನಾಲಿ–ಲೇಹ್ ದಾರಿಯಲ್ಲಿ ಪ್ರವಾಸಿಗರು ತಂಗುವ ಸರ್ಚು ಸುಮಾರು 4,300 ಮೀಟರ್ ಎತ್ತರದಲ್ಲಿದೆ. ಅಲ್ಲೂ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 21ರಷ್ಟೇ. ಆದರೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಮಾತ್ರ.

ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ, ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ವಿಶ್ರಾಂತಿ ಪಡೆಯಿರಿ ಎನ್ನುವುದು ಪರ್ವತ ವೈದ್ಯರ ಸಲಹೆ. ಮನಾಲಿಯಿಂದ ಬೆಳಿಗ್ಗೆ ಹೊರಟು ಸಂಜೆ ಸರ್ಚು ಮುಟ್ಟಿದರೆ ಒಂದೇ ದಿನದಲ್ಲಿ 2,200 ಮೀಟರ್ ಏರಿದಂತಾಯಿತು. ನಡೆದು ಹೋದರೆ ಇದು ಆಗದ ಮಾತು. ಗಾಡಿ ಇದ್ದರೆ ಸುಲಭ, ಅಪಾಯ ಇರುವುದೂ ಅಲ್ಲೇ.

ವಾಸನೆ ಇಲ್ಲದ ಅನಿಲ

ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್, ಡೀಸೆಲ್ ಯಾವುದೇ ಇರಲಿ, ಉರಿಯುವಾಗ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳನ್ನೆಲ್ಲ ಬೇರೆಯವರು ಹಿಡಿದು ಕೂತ ಹಾಗೆ, ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ಮಲಗಿದವರಿಗೆ ಎಚ್ಚರವೂ ಆಗದಿರಬಹುದು.

2022ರ ಜನವರಿಯಲ್ಲಿ ಪಾಕಿಸ್ತಾನದ ಗಿರಿಧಾಮ ಮರ‍್ರಿಯಲ್ಲಿ ಹಿಮಪಾತಕ್ಕೆ ಸಿಲುಕಿದ ಕಾರುಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಚಳಿಗೆ ಕಾರಿನ ಹೀಟರ್ ಹಾಕಿಕೊಂಡು ಕೂತಿದ್ದವರಿಗೆ ಈ ಅನಿಲವೇ ಕಂಟಕವಾಗಿರಬಹುದು ಎಂದು ಆಗಲೇ ಶಂಕಿಸಲಾಗಿತ್ತು. ಸೈಲೆನ್ಸರ್ ಪೈಪ್ ಹಿಮದಲ್ಲಿ ಮುಚ್ಚಿಕೊಂಡರೆ ಹೊಗೆ ಕಾರಿನೊಳಕ್ಕೆ ನುಗ್ಗುತ್ತದೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದ ಕೇರಳದ ಎಂಟು ಪ್ರವಾಸಿಗರು ಬೆಳಗಾಗುವಷ್ಟರಲ್ಲಿ ಪ್ರಜ್ಞೆ ತಪ್ಪಿದ್ದರು, ಯಾರೂ ಉಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಇದು ಬೆಟ್ಟದ, ಚಳಿಯ ಸಮಸ್ಯೆ ಮಾತ್ರವೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ಗಾಡಿಯ ಜನರೇಟರ್‌ನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದು ತಪಾಸಣೆಯಲ್ಲಿ ತಿಳಿಯಿತು.

'ಹೊಗೆ ನಿಂತು ಕೆಂಡ ನಿಗಿನಿಗಿ ಆದಮೇಲೆ ಒಳಗೆ ತರಬಹುದು' ಎನ್ನುವುದು ಹಳೆಯ ನಂಬಿಕೆ. ಹೊಗೆ ಕಾಣದಿದ್ದರೂ ಕೆಂಡದಿಂದ ಈ ಅನಿಲ ಬರುತ್ತಲೇ ಇರುತ್ತದೆ. 'ಕಿಟಕಿ ಒಂದಿಂಚು ತೆರೆದಿದ್ದರೆ ಸಾಕು' ಎನ್ನುವುದಕ್ಕೂ ಖಾತರಿಯಿಲ್ಲ. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ, ಗಾಡಿಯ ಜಾಗ ಎಷ್ಟು, ಎಷ್ಟು ಹೊತ್ತು ಉರಿಯುತ್ತಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ನಿದ್ದೆಯಲ್ಲಿರುವಾಗ ಇದನ್ನು ಲೆಕ್ಕ ಹಾಕುವವರು ಯಾರು?

ಆಕ್ಸಿಮೀಟರ್ ಕೂಡ ಮೋಸ ಹೋಗುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಕಾರ್ಬನ್ ಮೊನಾಕ್ಸೈಡ್ ವಿಷದ ಮೊದಲ ಲಕ್ಷಣಗಳೂ ಅವೇ. 4,000 ಮೀಟರ್ ಮೇಲೆ ಬೀಗ ಹಾಕಿಕೊಂಡ ಗಾಡಿಯಲ್ಲಿ ರಾತ್ರಿ ಹನ್ನೊಂದಕ್ಕೆ ತಲೆ ಸಿಡಿದರೆ 'ಎತ್ತರಕ್ಕೆ ಹೀಗಾಗುತ್ತದೆ, ಮಲಗಿದರೆ ಸರಿಹೋಗುತ್ತದೆ' ಎಂದು ಹೀಟರ್ ಹಾಗೇ ಬಿಟ್ಟು ಮಲಗುವುದು ಸಹಜ. ಆ ತಪ್ಪು ಪ್ರಾಣಕ್ಕೇ ಎರವಾಗಬಹುದು.

ಆಗ ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ನೆನಪಾಗುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಬೆಳಕಿನಿಂದ ರಕ್ತದ ಬಣ್ಣ ಅಳೆದು ಸಂಖ್ಯೆ ತೋರಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವೂ ಅದಕ್ಕೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ವಿಷ ಏರುತ್ತಿದ್ದರೂ ಸಂಖ್ಯೆ ಚೆನ್ನಾಗಿಯೇ ಇರಬಹುದು. ಸಂಖ್ಯೆ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಹಾಗಾದರೆ ಏನು ಮಾಡಬೇಕು? ಯಾವುದರಿಂದ ಎಂದು ಯೋಚಿಸುತ್ತ ಕೂರಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ. ಒಲೆ, ಹೀಟರ್, ಎಂಜಿನ್, ಜನರೇಟರ್ ಆರಿಸಿ. ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು ಬಂದಿದ್ದರೆ, ಹೊರಗೆ ಬಂದ ಮೇಲೆ ಹಗುರವಾದರೆ ಅನಿಲದ ಅನುಮಾನ ಬಲವಾಗುತ್ತದೆ. ಆಗ ಆಸ್ಪತ್ರೆಗೆ ಹೋಗಲೇಬೇಕು, ಆಮ್ಲಜನಕ ಕೊಡುವುದೇ ಅದಕ್ಕೆ ಚಿಕಿತ್ಸೆ. ಹೊರಗಿದ್ದರೂ ತಲೆನೋವು ಜಾಸ್ತಿಯಾದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗೆ ಇಳಿಯಿರಿ. ತುರ್ತು ಸಹಾಯಕ್ಕೆ 112. ಆದರೆ ಆ ದಾರಿಯ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ ಎಂಬುದು ನೆನಪಿರಲಿ.

ಕರ್ಪೂರ ಮೂಸಿದರೆ ಮೂಗಿನ ನರಗಳಿಗೆ ತಂಪೆನಿಸಿ ಗಾಳಿ ಚೆನ್ನಾಗಿ ಆಡಿದಂತೆ ಅನಿಸುತ್ತದೆ, ಅಷ್ಟೇ. ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ. ರಮ್ ಕುಡಿದರೆ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗನಿಸುತ್ತದೆ, ದೇಹದ ಬಿಸಿ ಮಾತ್ರ ಹೊರಗೆ ಹೋಗುತ್ತದೆ. ನಿದ್ದೆಯಲ್ಲಿ ಉಸಿರಾಟವೂ ನಿಧಾನವಾಗುತ್ತದೆ. ಎರಡೂ ಅಪಾಯವನ್ನು ಮರೆಸುತ್ತವೆ, ಕಡಿಮೆ ಮಾಡುವುದಿಲ್ಲ.

ಪುಕ್ಕಟೆ ಜಾಗ ಯಾವುದು?

ವಿಡಿಯೋಗಳಲ್ಲಿ ಚೆಂದ ಕಾಣುವ ಜಾಗ ನದಿಯ ದಡ. ಹಿಮ ಕರಗಿ ಹರಿಯುವ ಹೊಳೆ ಬೆಳಿಗ್ಗೆ ತೆಳ್ಳಗಿದ್ದು ಮಧ್ಯಾಹ್ನ, ಸಂಜೆ ಏರುತ್ತದೆ. ಮೇಲೆಲ್ಲೋ ಮಳೆಯಾದರೆ ನಿಮ್ಮ ತಲೆ ಮೇಲೆ ಮೋಡವಿಲ್ಲದಿದ್ದರೂ ಪ್ರವಾಹ ಬರಬಹುದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಫೋಟೋ ತೆಗೆಯುತ್ತಿದ್ದ ಹೈದರಾಬಾದ್‌ನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿ ಹೋದರು. ಅದು ಹಗಲು ಹೊತ್ತು, ಅವರು ಎಚ್ಚರವಾಗಿದ್ದರು. ಮಲಗಿರುವವರ ಗತಿ ಏನಾಗಬಹುದು ಯೋಚಿಸಿ. ನದಿ ಪಾತ್ರದಿಂದ ಸಾಕಷ್ಟು ಮೇಲೆ, ಕಲ್ಲು ಉರುಳುವ ಇಳಿಜಾರಿನಿಂದ ದೂರ ನಿಲ್ಲಿಸಿ.

'ವಿದೇಶದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು' ಎನ್ನುವುದೂ ಅರ್ಧ ಸತ್ಯ. ನಾರ್ವೆಯ 1957ರ ಕಾಯ್ದೆ ಬಯಲಲ್ಲಿ ಟೆಂಟ್ ಹಾಕಲು ಹಕ್ಕು ಕೊಡುತ್ತದೆ, ಆದರೆ ಜನವಸತಿಯ ಮನೆಯಿಂದ 150 ಮೀಟರ್ ದೂರದಲ್ಲಿರಬೇಕು. ಆ ಹಕ್ಕಿನ ಹೆಸರಲ್ಲಿ ಗಾಡಿಯನ್ನು ರಸ್ತೆ ಬಿಟ್ಟು ಓಡಿಸುವಂತಿಲ್ಲ. ನಮ್ಮಲ್ಲಿ ಅಂಥ ಹಕ್ಕೇ ಇಲ್ಲ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವುದು, ಅಲ್ಲಿ ಬೆಂಕಿ ಹಚ್ಚುವುದು 1927ರ ಅರಣ್ಯ ಕಾಯ್ದೆಯಡಿ ಅಪರಾಧ. ಪಂಚಾಯಿತಿಯವರನ್ನೋ ಹತ್ತಿರದ ಢಾಬಾದವರನ್ನೋ ಕೇಳಿ ನಿಲ್ಲಿಸಿದರೆ ಎರಡು ಲಾಭ: ಜಗಳವಿರದು, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಅವರೇ ಹೇಳುತ್ತಾರೆ.

ಹೊರಡುವ ಮುನ್ನ

ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಗಾಡಿಯಲ್ಲಿ ಹಾಕಿಸಿ. ಹೊಗೆಯ ಅಲಾರಂ, ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಮಲಗುವ ಮುನ್ನ ಉರಿಯುವುದೆಲ್ಲ ಆರಿಸಿ. ಚಳಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗ್, ರಜಾಯಿ, ಬಿಸಿನೀರಿನ ಚೀಲ ಇರಲಿ. ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಒಂದೆರಡು ರಾತ್ರಿ ಹೆಚ್ಚಿಗೆ ಉಳಿಯಿರಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರನ್ನು ಕಾಣಲಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ.

ಗ್ರೂಪ್‌ನಲ್ಲಿ ಯಾರಾದರೂ ಬೆಟ್ಟಕ್ಕೆ ಗಾಡಿ ತೆಗೆದುಕೊಂಡು ಹೊರಟಿದ್ದರೆ ಇಷ್ಟಾದರೂ ತಲುಪಿಸಿ: ಮುಚ್ಚಿದ ಗಾಡಿಯಲ್ಲಿ ತಲೆನೋವು ಬಂದರೆ ಮೊದಲು ಬಾಗಿಲು ತೆರೆದು ಹೊರಗೆ ಬನ್ನಿ. ಕಾರಣ ಆಮೇಲೆ ಹುಡುಕಬಹುದು.