ಹಳತನ್ನು ಹಳತು ಎನ್ನಲು ಏನು ಕಷ್ಟ?

ಕಳೆದ ಗೌರಿಹಬ್ಬಕ್ಕೆ ಅಮ್ಮನಿಗೆಂದು ಆನ್‌ಲೈನಿನಲ್ಲಿ ಒಂದು ಸೀರೆ ತರಿಸಿದ್ದೆ. ಪೆಟ್ಟಿಗೆ ಹೊಸದು, ಬೆಲೆಚೀಟಿ ಹೊಸದು. ಅಮ್ಮ ಮಡಿಕೆ ಬಿಡಿಸಿದಾಗ ಸೆರಗಿನೊಳಗಿಂದ ಒಣಗಿದ ಮಲ್ಲಿಗೆ ಮೊಗ್ಗೊಂದು ನೆಲಕ್ಕೆ ಬಿತ್ತು. ಅಂಚಿನಲ್ಲಿ ಅರಿಶಿನದ ಕಲೆ. “ಇದು ಯಾರೋ ಉಟ್ಟು ಬಿಟ್ಟ ಸೀರೆ ಕಣೇ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದನ್ನುಟ್ಟು ಪೂಜೆಗೆ ಕೂರುವುದು ಹೇಗೆಂಬ ಪೇಚಾಟವಿತ್ತು.

ಕಂಪನಿಗೆ ಫೋನ್ ಮಾಡಿದೆ. “ರಿಟರ್ನ್ ಹಾಕಿ ಮೇಡಂ, ದುಡ್ಡು ವಾಪಸ್ ಬರುತ್ತೆ” ಎಂದರು. ಉಟ್ಟ ಸೀರೆ ನನಗೆ ಹೇಗೆ ಬಂತು ಎಂದು ಕೇಳಿದರೆ ಉತ್ತರವಿಲ್ಲ. ನಾಳೆ ಇದು ಇನ್ಯಾರ ಮನೆಗೆ ಹೋಗುತ್ತದೆ ಎಂದರೆ ಅದಕ್ಕೂ ಇಲ್ಲ. ದುಡ್ಡೇನೋ ಬಂತು. ಆದರೆ ನನ್ನ ತಕರಾರು ದುಡ್ಡಿನದಾಗಿರಲಿಲ್ಲ.

ನಾನೇನೂ ಸಾಚಾ ಅಲ್ಲ. ಎರಡು ಅಳತೆಯ ಚಪ್ಪಲಿ ತರಿಸಿ, ಮನೆ ತುಂಬ ಓಡಾಡಿ ನೋಡಿ, ಒಂದನ್ನು ವಾಪಸ್ ಕಳಿಸಿದವಳೇ. ಬಾಗಿಲಲ್ಲಿ ಹುಡುಗ ಪೊಟ್ಟಣ ತೆಗೆದುಕೊಂಡು ಹೋದ ಮೇಲೆ ಅದರ ಗತಿಯೇನಾಯಿತೆಂದು ನಾನು ಯೋಚಿಸಿದ್ದಿಲ್ಲ. ನೀವು ಯೋಚಿಸಿದ್ದೀರಾ?

ವಾಪಸಾದ ಸರಕು ಗೋದಾಮಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ದರ್ಜೆ ಹಚ್ಚುತ್ತಾರೆ. ಮುಚ್ಚಿದಂತೆಯೇ ಇದ್ದರೆ ಮರಳಿ ‘ಹೊಸತು’ಗಳ ಸಾಲಿಗೆ. ತೆರೆದದ್ದಾದರೆ ‘ಓಪನ್ ಬಾಕ್ಸ್’, ರಿಪೇರಿಯಾದರೆ ‘ರಿಫರ್ಬಿಶ್ಡ್’. ಅದಕ್ಕೂ ಕೆಳಗಿನದು ಲಾಟುಗಟ್ಟಲೆ ಸಗಟು ಖರೀದಿದಾರರಿಗೆ, ಕೊನೆಯದು ಗುಜರಿಗೆ. ಒಂದೊಂದನ್ನೂ ಬಿಚ್ಚಿ, ನೋಡಿ, ಮಡಚಿ ಇಡಲು ಕೂಲಿ ಕೊಡಬೇಕು, ಹೊತ್ತು ಬೇಕು. ನೋಡದೆಯೇ ಮೊದಲ ಸಾಲಿಗೆ ತಳ್ಳಿದರೆ ಎರಡೂ ಉಳಿಯುತ್ತವೆ. ಅಮ್ಮನ ಸೀರೆ ಬಂದದ್ದು ಹೀಗೇ ಇರಬೇಕು.

ವಾಪಸಾದದ್ದನ್ನು ಮತ್ತೆ ಮಾರಬಾರದು ಎಂದು ನಾನು ಹೇಳುತ್ತಿಲ್ಲ. ಮಾರಲೇಬೇಕು. ಅಕ್ಕನ ಲಂಗ ತಂಗಿಗಾಗಿ, ಹಳೇ ಸೀರೆ ಕೌದಿಯಾಗಿ ಬಾಳಿದ ನಾಡು ನಮ್ಮದು. ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಕೊಂಡವರಿಗೆ ಮೊದಲ ಪುಟದಲ್ಲಿ ಯಾರದೋ ಸಹಿ ಸಿಕ್ಕರೆ ಖುಷಿಯೇ ಆಗುತ್ತದೆ. ನಮ್ಮ ಬೀದಿಗೆ ಬರುತ್ತಿದ್ದ ಪಾತ್ರೆಯಾಕೆ ಹಳೇ ಸೀರೆಗೆ ಸ್ಟೀಲ್ ಡಬ್ಬಿ ಕೊಡುವ ಮುನ್ನ ಸೀರೆಯನ್ನು ಬೆಳಕಿಗೆ ಹಿಡಿದು ಹರುಕು ಹುಡುಕುತ್ತಿದ್ದಳು. ಹಳತನ್ನು ಹಳತೆಂದೇ ಕರೆದು, ಎಲ್ಲರೆದುರು ಬೆಲೆ ಕಟ್ಟುತ್ತಿದ್ದಳು. ಕಂಪ್ಯೂಟರ್ ಇಟ್ಟುಕೊಂಡ ಗೋದಾಮಿಗೆ ಆಕೆಯಷ್ಟು ಪ್ರಾಮಾಣಿಕತೆ ದುಬಾರಿಯೇ?

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ಬಳಸಿದ, ದುರಸ್ತಿ ಮಾಡಿದ ಅಥವಾ ಹಳೆಯ ಸರಕನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಸರಕಿನ ಹಿಂದಿನ ಕತೆ ಗೊತ್ತಿರುವುದು ಗೋದಾಮಿಗೆ ಮಾತ್ರ; ಸಾಬೀತು ಮಾಡಬೇಕಾದವಳು ನಾನು. ಒಣಗಿದ ಮೊಗ್ಗನ್ನು ಹಿಡಿದು ಯಾವ ಆಯೋಗದ ಮೆಟ್ಟಿಲು ಹತ್ತಲಿ?

ಈ ಸುಳ್ಳಿಗೆ ಇನ್ನೊಂದು ಮುಖವಿದೆ. ಹೊಸದೆಂದು ಮಾರಲಾಗದ್ದನ್ನು ಹಳೆಯದೆಂದು ಮಾರುವ ಬದಲು ನಾಶ ಮಾಡುವುದು. 2021ರಲ್ಲಿ ಬ್ರಿಟನ್ನಿನ ಐಟಿವಿ ಸುದ್ದಿವಾಹಿನಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿರುವ ಅಮೆಜಾನ್ ಗೋದಾಮಿನ ಒಳದಾಖಲೆಯೊಂದನ್ನು ಬಯಲಿಗೆ ತಂದಿತು. ಒಂದೇ ವಾರದಲ್ಲಿ 1,24,000ಕ್ಕೂ ಹೆಚ್ಚು ವಸ್ತುಗಳಿಗೆ ‘ನಾಶಪಡಿಸಿ’ ಎಂಬ ಗುರುತು ಬಿದ್ದಿತ್ತು. ಮಾರಾಟವಾಗದ್ದು, ಗ್ರಾಹಕರು ವಾಪಸ್ ಕಳಿಸಿದ್ದು ಎರಡೂ ಅದರಲ್ಲಿದ್ದವು. ಟಿವಿ, ಲ್ಯಾಪ್‌ಟಾಪ್‌ಗಳ ಜೊತೆ ಪುಸ್ತಕಗಳೂ ಇದ್ದವು. ಯುರೋಪಿಯನ್ ಒಕ್ಕೂಟ 2024ರಲ್ಲಿ ಕಾನೂನು ಮಾಡಿ, ದೊಡ್ಡ ಕಂಪನಿಗಳು ಮಾರಾಟವಾಗದ ಬಟ್ಟೆ, ಪಾದರಕ್ಷೆಗಳನ್ನು ನಾಶ ಮಾಡುವುದಕ್ಕೆ 2026ರ ಜುಲೈ 19ರಿಂದ ನಿಷೇಧ ಹಾಕಿತು. ಕೊಂಡವರು ಮನಸ್ಸು ಬದಲಿಸಿ ವಾಪಸ್ ಕಳಿಸಿದ್ದೂ ಈ ಲೆಕ್ಕಕ್ಕೆ ಸೇರುತ್ತದೆ.

ನಮಗೆ ಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ, ಒಂದು ಚೀಟಿ. ‘ಈ ವಸ್ತು ಒಮ್ಮೆ ಮಾರಾಟವಾಗಿ ವಾಪಸಾಗಿದೆ, ಕಾರಣ ಇದು, ಸ್ಥಿತಿ ಇದು, ಬೆಲೆ ಇಷ್ಟು ಕಡಿಮೆ.’ ಪೊಟ್ಟಣ ಯಾವ ರಸ್ತೆಯ ಯಾವ ತಿರುವಿನಲ್ಲಿದೆ ಎಂದು ಫೋನಿನಲ್ಲಿ ತೋರಿಸಬಲ್ಲವರಿಗೆ, ಅದು ಮೊದಲು ಯಾರೋ ಕೊಂಡು ಹಿಂತಿರುಗಿಸಿದ್ದು ಎಂದು ಮುದ್ರಿಸಲು ಬಾರದು ಎಂದರೆ ನಾನು ನಂಬುವುದಿಲ್ಲ. ಬಾರದ್ದಲ್ಲ, ಬೇಡವಾದದ್ದು. ಚೀಟಿ ಹಚ್ಚಿದರೆ ಬೆಲೆ ಇಳಿಸಬೇಕಾಗುತ್ತದೆ. ಜೊತೆಗೆ, ಸಲೀಸಾಗಿ ವಾಪಸ್ ಕಳಿಸುವ ನಮ್ಮ ಚಟದ ಲೆಕ್ಕವೂ ಕಣ್ಣಿಗೆ ಬೀಳುತ್ತದೆ. ಬೀಳಲಿ, ನಮಗೂ ಅದು ಬೇಕು.

ಆ ಸೀರೆಯನ್ನು ಮರಳಿ ಪೊಟ್ಟಣಕ್ಕೆ ತುಂಬುವಾಗ ಅಮ್ಮ ಅಂಚನ್ನು ಇನ್ನೊಮ್ಮೆ ಸವರಿ ನೋಡಿದಳು. “ನೇಯ್ಗೆ ಚೆನ್ನಾಗಿದೆ. ಉಟ್ಟಿದ್ದು ಅಂತ ಹೇಳಿ ಅರ್ಧ ಬೆಲೆಗೆ ಕೊಟ್ಟಿದ್ದರೆ ಮನೆಯಲ್ಲಿ ಉಡೋಕೆ ನಾನೇ ಇಟ್ಟುಕೊಳ್ತಿದ್ದೆ” ಎಂದಳು.